ಟೈರ್ ಪ್ರಮಾಣ ಮೀಮಾಂಸೆ

ಮನೆಯ ಕಾರಿಗೆ ಹೊಸ ಟೈರ್ ಹಾಕಿಸುವ ಕಾಲ ಬಂದಿತೆಂಬ ಜ್ಞಾನ ಗೃಹಸ್ಥನಿಗೆ ಯಾವ ಪ್ರಮಾಣದಿಂದ ಉಂಟಾಗುತ್ತದೆ? ಹೊಗೆಯಿಂದ ಬೆಂಕಿಯನ್ನೂ ಹಸುವಿನಿಂದ ಗವಯವನ್ನೂ ತಿಳಿಯುವ ಬಗೆಯನ್ನು ತಲೆಮಾರುಗಟ್ಟಲೆ ಚರ್ಚಿಸಿದ ನಮ್ಮ ದರ್ಶನಕಾರರು ಟೈರಿನ ವಿಷಯದಲ್ಲಿ ಮೌನ ತಾಳಿದ್ದಾರೆ. ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದೇ 1888ರಲ್ಲಾದ್ದರಿಂದ ಅವರನ್ನು ದೂರುವಂತಿಲ್ಲ. ಆ ಲೋಪವನ್ನು ತುಂಬಲು ಈ ಪ್ರಬಂಧ.

ಪ್ರತ್ಯಕ್ಷಕ್ಕೆ ಕಣ್ಣಿಗೂ ವಸ್ತುವಿಗೂ ಸನ್ನಿಕರ್ಷ ಬೇಕು. ಗೃಹಸ್ಥನ ಕಣ್ಣಿಗೂ ಟೈರಿಗೂ ಅದು ಒದಗುವುದು ವರ್ಷಕ್ಕೊಮ್ಮೆ, ಆಯುಧಪೂಜೆಯಂದು, ಚಕ್ರದಡಿ ನಿಂಬೆಹಣ್ಣು ಇಡಲು ಕುಕ್ಕರುಗಾಲಲ್ಲಿ ಕೂತಾಗ. ಅವನು ನೋಡುತ್ತಾನೆ. ನೋಡಿಯೂ, ಹಬ್ಬದ ದಿನ ‘ಹೋಗಿದೆ’ ಎಂಬ ಮಾತು ಬಾಯಲ್ಲಿ ಬರಬಾರದೆಂದು ಕುಂಕುಮ ಹಚ್ಚಿ ಎದ್ದುಬಿಡುತ್ತಾನೆ. ಲಬ್ಧವಾದ ಜ್ಞಾನ ಮುಂದಿನ ನವರಾತ್ರಿಯವರೆಗೆ ಸುಪ್ತಾವಸ್ಥೆಯಲ್ಲಿರುತ್ತದೆ.

ಅನುಮಾನ ಸುಲಭದ್ದು. ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ, ನಡುಭಾಗ ಸವೆದಿದ್ದರೆ ಗಾಳಿ ಜಾಸ್ತಿ, ಒಂದೇ ಪಕ್ಕ ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿದೆ. ಯಾವ ಕಡೆಯೂ ಏನೂ ಉಳಿದಿಲ್ಲವಾದರೆ ಮಾಲೀಕ ಆಶಾವಾದಿ.

ಶಾಸ್ತ್ರದ ಮರ್ಮವಿರುವುದು ಅನುಪಲಬ್ಧಿಯಲ್ಲಿ. ನೆಲದ ಮೇಲೆ ಗಡಿಗೆ ‘ಇಲ್ಲ’ ಎಂಬುದು ಹೇಗೆ ತಿಳಿಯುತ್ತದೆ? ಇಲ್ಲದಿರುವಿಕೆಯನ್ನು ತಿಳಿಯಲು ಬೇರೆಯೇ ಪ್ರಮಾಣ ಬೇಕೆಂದರು ಕುಮಾರಿಲ ಭಟ್ಟರ ಕಡೆಯವರು. ಬೇಡವೆಂದರು ಪ್ರಭಾಕರರ ಕಡೆಯವರು. ನಮ್ಮ ಗೃಹಸ್ಥರು ಬಹುಪಾಲು ಪ್ರಾಭಾಕರರೇ. ಟೈರಿನಲ್ಲಿ ಗ್ರಿಪ್ ಇಲ್ಲವೆಂದು ಅವರಿಗೆ ಮನದಟ್ಟು ಮಾಡಿಸುವ ಪ್ರಮಾಣ ಇನ್ನೂ ಹುಟ್ಟಿಲ್ಲ. ಈ ತೊಡಕನ್ನು ಮೊದಲೇ ಊಹಿಸಿದ ಟೈರ್ ತಯಾರಕರು ಗೀರುಗಳ ತಳದಲ್ಲಿ 1.6 ಮಿಲಿಮೀಟರ್ ಎತ್ತರದ ಅಡ್ಡಪಟ್ಟಿಗಳನ್ನಿಟ್ಟರು. ಹೊಸದರಲ್ಲಿ ಸುಮಾರು 8 ಮಿಲಿಮೀಟರ್ ಆಳವಿರುವ ಗೀರು ಸವೆಯುತ್ತ ಸವೆಯುತ್ತ ಆ ಪಟ್ಟಿಯ ಮಟ್ಟಕ್ಕೆ ಬಂತೆಂದರೆ ಟೈರಿನ ಆಯುಸ್ಸು ಮುಗಿಯಿತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳೂ ಕಾರಿಗೆ ಇದೇ ಅಳತೆಯನ್ನು ಹೇಳುತ್ತವೆ.

ಇಲ್ಲಿ ಪೂರ್ವಪಕ್ಷ: “ಪಟ್ಟಿಯೂ ರಬ್ಬರ್ ತಾನೇ ಸ್ವಾಮಿ? ಅದೂ ಸವೆಯಲಿ, ಆಮೇಲೆ ನೋಡೋಣ.”

ಸಮಾಧಾನ: ಗೀರುಗಳಿರುವುದು ಅಲಂಕಾರಕ್ಕಲ್ಲ, ಚಕ್ರದಡಿಯ ನೀರು ಹೊರಹೋಗಲು. ಆಷಾಢದ ಮಳೆಯಲ್ಲಿ ಶಿರಾಡಿ ಘಾಟಿ ಇಳಿಯುವಾಗ ನೀರಿಗೆ ದಾರಿ ಸಿಗದಿದ್ದರೆ ಚಕ್ರ ರಸ್ತೆಯನ್ನು ಬಿಟ್ಟು ನೀರಿನ ಮೇಲೇರುತ್ತದೆ. ಆಗ ಸ್ಟಿಯರಿಂಗ್ ತಿರುಗುತ್ತದೆ, ಕಾರು ತಿರುಗುವುದಿಲ್ಲ. ಧರ್ಮಸ್ಥಳಕ್ಕೆ ಹೊರಟ ಇಡೀ ಸಂಸಾರ, ಅತ್ತೆಯವರ ಚಕ್ಕುಲಿ ಡಬ್ಬಿಯ ಸಮೇತ, ರಸ್ತೆಗೆ ಅಂಟಿಕೊಂಡಿರುವುದು ಹೆಚ್ಚುಕಡಿಮೆ ಅಂಗೈ ಅಗಲದ ನಾಲ್ಕು ರಬ್ಬರ್ ತುಂಡುಗಳಿಂದ ಮಾತ್ರ.

ಶಬ್ದಪ್ರಮಾಣದಲ್ಲಿ ಲಿಖಿತ, ಮೌಖಿಕ ಎಂದು ಎರಡು. ಲಿಖಿತವು ಟೈರಿನ ಪಕ್ಕದಲ್ಲೇ ಅಚ್ಚಾಗಿದೆ. ಡಿಒಟಿ ಎಂಬ ಬೀಜಾಕ್ಷರಗಳಿಂದ ಮೊದಲಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು 2319 ಎಂದಿದ್ದರೆ, ಅದು 2019ರ 23ನೆಯ ವಾರದಲ್ಲಿ ಹುಟ್ಟಿದ ಟೈರ್. ಕ್ರಿ.ಶ. 2319ರವರೆಗೆ ಬಾಳುತ್ತದೆಂದು ಅರ್ಥೈಸುವ ಪಂಥವೊಂದಿದೆ. ಅದು ಅಲ್ಪಸಂಖ್ಯಾತರ ಮತ, ಆದರೆ ನಿಷ್ಠೆ ದೊಡ್ಡದು. “ಓಡಿಸೇ ಇಲ್ಲವಲ್ಲ, ಬೇಸ್‌ಮೆಂಟಿನಲ್ಲೇ ನಿಂತಿತ್ತು” ಎಂಬುದು ಇನ್ನೊಂದು ಪಂಥ. ರಬ್ಬರನ್ನು ಕಾಯುವ ಮೇಣ ಮೇಲ್ಮೈಗೆ ಬರುವುದೇ ಟೈರ್ ಉರುಳಿ ಬಾಗಿದಾಗ. ನಿಂತ ಟೈರಿಗೆ ಆ ಭಾಗ್ಯವಿಲ್ಲ. ಆಮ್ಲಜನಕ, ಓಝೋನ್ ಸೇರಿ ಸದ್ದಿಲ್ಲದೆ ಅದನ್ನು ಬಿರುಕು ಬಿಡಿಸುತ್ತವೆ. ಐದು ವರ್ಷದ ನಂತರ ವರ್ಷಕ್ಕೊಮ್ಮೆ ಪರೀಕ್ಷೆ, ಹತ್ತಾದರೆ ಗೀರು ಎಷ್ಟೇ ಇರಲಿ ವಿಸರ್ಜನೆ, ಎಂಬುದು ತಯಾರಕರ ಸಾಮಾನ್ಯ ವಿಧಿ.

ಮೌಖಿಕದಲ್ಲಿ ಆಪ್ತ ಯಾರು ಎಂಬುದೇ ಪ್ರಶ್ನೆ. ಟೈರ್ ಅಂಗಡಿಯವನು “ನಾಲ್ಕೂ ಹೋಗಿದೆ ಸಾರ್” ಎನ್ನುತ್ತಾನೆ, ಮಾರುವವನು, ಆಪ್ತನಲ್ಲ. ಮಾವನವರು “ಇನ್ನೂ ಹತ್ತು ಸಾವಿರ ಕಿಲೋಮೀಟರ್ ಆರಾಮಾಗಿ ಓಡುತ್ತೆ ಅಳಿಯಂದ್ರೇ” ಎನ್ನುತ್ತಾರೆ. ಅವರು ಬಸ್ಸಿನಲ್ಲಿ ಬರುವವರು. ನನ್ನ ಮತದಲ್ಲಿ ಪರಮ ಆಪ್ತನೆಂದರೆ ಪಂಕ್ಚರ್ ಅಂಗಡಿಯವನು. ಹಳೇ ಟೈರ್ ಹೆಚ್ಚು ದಿನ ಉಳಿದಷ್ಟೂ ಅವನಿಗೆ ಲಾಭ. ಅಂಥವನೇ ಒಂದು ದಿನ ತಲೆ ಕೆರೆದುಕೊಂಡು “ಇನ್ನು ಪ್ಯಾಚ್ ಹಾಕೋಕೆ ಜಾಗ ಇಲ್ಲ ಸಾರ್” ಎಂದರೆ, ಸ್ವಂತ ಹೊಟ್ಟೆಗೆ ವಿರುದ್ಧವಾಗಿ ನುಡಿದ ಆ ವಾಕ್ಯಕ್ಕೆ ಬಾಧಕವಿಲ್ಲ.

ಸದ್ಯಕ್ಕೆ ಎರಡೇ ಕೊಳ್ಳುವುದೆಂದು ಮನೆಯಲ್ಲಿ ರಾಜಿಯಾದರೆ, ಹೊಸವು ಮುಂದಕ್ಕೋ ಹಿಂದಕ್ಕೋ? ಇಂಜಿನ್ ಮುಂದಿದೆ, ಆದ್ದರಿಂದ ಮುಂದಕ್ಕೆ ಎಂಬುದು ಲೋಕರೂಢಿ. ಹಿಂದಕ್ಕೆ ಎಂಬುದು ಸಿದ್ಧಾಂತ. ಒದ್ದೆ ತಿರುವಿನಲ್ಲಿ ಮುಂದಿನ ಚಕ್ರ ಜಾರಿದರೆ ವೇಗ ತಗ್ಗಿಸಿ ಸಂಭಾಳಿಸಬಹುದು; ಹಿಂದಿನದು ಜಾರಿದರೆ ಕಾರು ಬುಗುರಿಯಾಗುತ್ತದೆ.

ಉಳಿದದ್ದು ಸ್ಟೆಪ್ನಿ. ಅದರ ಗೀರು ಪೂರ್ತಿ, ಕಾರ್ಖಾನೆಯಲ್ಲಿ ಮೂಡಿದ ರಬ್ಬರ್ ಮೀಸೆಯೂ ಹಾಗೇ ಇದೆ. ಪ್ರತ್ಯಕ್ಷಕ್ಕೆ ಅದು ಮದುವಣಿಗ. ಲಿಖಿತ ಪ್ರಮಾಣದ ಪ್ರಕಾರ ಐವರಲ್ಲಿ ಅದೇ ವೃದ್ಧ ಎಂಬ ಶಂಕೆ. ಪರಿಹಾರಕ್ಕೆ ಆ ನಾಲ್ಕು ಅಂಕಿಗಳನ್ನು ಓದಬೇಕು. ಅದಕ್ಕೆ ಡಿಕ್ಕಿಯಲ್ಲಿರುವ ಮಡಚುವ ಕುರ್ಚಿ, ಎರಡು ನೀರಿನ ಕ್ಯಾನು, ಯಾರದೋ ಮದುವೆಯ ತಾಂಬೂಲದ ಚೀಲಗಳನ್ನು ಮೊದಲು ಇಳಿಸಬೇಕು. ಯಾರು ಇಳಿಸಬೇಕೆಂಬ ಬಗ್ಗೆ ಮನೆಯಲ್ಲಿ ಒಮ್ಮತ ಮೂಡದ ಕಾರಣ ಸಂಶೋಧನೆ ಸ್ಥಗಿತಗೊಂಡಿದೆ.