ಸದರಿ ಜಾಗದ ಹೇಳಿಕೆ

ಪೊಲೀಸರಿಗೆ ತರಬೇತಿ ಕೊಡಲು ಎಷ್ಟು ನೆಲ ಬೇಕೆಂಬ ಪ್ರಶ್ನೆಗೆ ಅಮೆರಿಕದ ಅಟ್ಲಾಂಟಾ ನಗರಾಡಳಿತವು 85 ಎಕರೆ ಎಂದು ತೀರ್ಮಾನಿಸಿ, ಊರಂಚಿನ ಕಾಡನ್ನು ತೆರವುಗೊಳಿಸಿ, ವಿರೋಧಿಗಳು ‘ಕಾಪ್ ಸಿಟಿ’ ಎಂದು ಕರೆದ ಕೇಂದ್ರವನ್ನು ಕಟ್ಟಿ 2025ರಲ್ಲಿ ಬಾಗಿಲನ್ನೂ ತೆರೆದಿರುವುದರಿಂದ, ಆ ಗಲಾಟೆಯ ಪೂರ್ವಾಪರವನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಮೇಯರ್, ಪೊಲೀಸರು, ಉದ್ಯಮಿಗಳು, ಪರಿಸರವಾದಿಗಳು ಎಲ್ಲರೂ ಮಾತನಾಡಿದರು. ನೆಲವನ್ನು ಮಾತ್ರ ಯಾರೂ ಕೇಳಲಿಲ್ಲ. ಈ ಲೋಪವನ್ನು ಸರಿಪಡಿಸಲೆಂದು ಕೊಡಗಿನ ಮಾದಾಪುರದ ಇಳಿಜಾರಿನಲ್ಲಿ ಒಂದು ಪೈಸಾರಿ ಜಾಗವನ್ನು ಕಲ್ಪಿಸಿಕೊಂಡು ಸಂದರ್ಶಿಸಲಾಯಿತು. ಪೈಸಾರಿಯೆಂದರೆ ಯಾರ ಹಿಡುವಳಿಗೂ ಸೇರದೆ ಸರ್ಕಾರದ ಹೆಸರಿನಲ್ಲೇ ಉಳಿದಿರುವ ಭೂಮಿ. ಯೋಜನೆ ಯಾವುದೇ ಆಗಿರಲಿ, ‘ಸೂಕ್ತ ಜಾಗ ಗುರುತಿಸಿ’ ಎಂಬ ಪತ್ರ ಬಂದೊಡನೆ ನಕ್ಷೆಯ ಮೇಲೆ ಮೊದಲ ಬೆರಳು ಬೀಳುವುದು ಇಂಥ ಜಾಗದ ಮೇಲೆಯೇ. ಬಹುಕಾಲ ಕಡತಗಳಲ್ಲೇ ಬಾಳಿದ್ದರಿಂದ ಅದು ತನ್ನನ್ನು ‘ಸದರಿ ಜಾಗ’ವೆಂದೇ ಕರೆದುಕೊಳ್ಳುತ್ತದೆ.

ಪ್ರಶ್ನೆ: ದೊಡ್ಡದೊಂದು ಪೊಲೀಸ್ ತರಬೇತಿ ಕೇಂದ್ರ ಇಲ್ಲಿಗೆ ಬರುವುದಾದರೆ ತಮ್ಮ ಅಭಿಪ್ರಾಯವೇನು?

ಉತ್ತರ: ಕವಾಯತು ಮೈದಾನ ಇರುತ್ತದೆಯೇ ಎಂಬುದನ್ನು ಮೊದಲು ತಿಳಿಸಬೇಕು. ಮೈದಾನವೆಂದರೆ ಸಮತಟ್ಟು, ಸಮತಟ್ಟೆಂದರೆ ಜೆಸಿಬಿ, ಜೆಸಿಬಿಯೆಂದರೆ ಬರೆ, ಅಂದರೆ ಇಳಿಜಾರಿನ ಬುಡವನ್ನು ಕಡಿದಾಗ ಗೋಡೆಯಂತೆ ನೆಟ್ಟಗೆ ನಿಲ್ಲುವ ಬೆತ್ತಲೆ ಮಣ್ಣು. ಬೇಸಿಗೆಯಲ್ಲಿ ಕಡಿದವರಿಗೆ ಅದು ಗಟ್ಟಿಯಾಗಿಯೇ ಕಾಣುತ್ತದೆ. ಆಷಾಢದ ಮಳೆ ಒಳಗಿಳಿದು, ಮಣ್ಣು ನೀರುಂಡು ಭಾರವಾಗಿ, ಕಡಿದ ಮುಖದಲ್ಲಿ ಒರತೆ ಒಡೆದು ಕೆಂಪು ನೀರು ಜಿನುಗತೊಡಗಿದ ಮೇಲೆ ಅದನ್ನು ಹಿಡಿದು ನಿಲ್ಲಿಸುವ ಅಧಿಕಾರಿ ಯಾವ ಇಲಾಖೆಯಲ್ಲೂ ಇಲ್ಲ. 2018ರ ಆಗಸ್ಟ್‌ನಲ್ಲಿ ಹಟ್ಟಿಹೊಳೆ, ಮಕ್ಕಂದೂರಿನ ಕಡೆ ಗುಡ್ಡಗಳು ತೋಟ, ಮನೆ, ರಸ್ತೆಗಳ ಸಮೇತ ಜಾರಿದಾಗ, ಇಳಿಜಾರನ್ನು ಮನಬಂದಂತೆ ಕಡಿದದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಹೇಳಿತ್ತು. ಸದರಿ ಜಾಗವು ಅದನ್ನು ವರದಿ ಬರುವ ಮೊದಲೇ ಬಲ್ಲದು.

ಪ್ರಶ್ನೆ: ತಡೆಗೋಡೆ ಕಟ್ಟಿದರಾಯಿತಲ್ಲ?

ಉತ್ತರ: 2022ರ ಮಳೆಗಾಲದಲ್ಲಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ಬಳಿ, ಕೋಟಿಗಟ್ಟಲೆ ವೆಚ್ಚದ ತಡೆಗೋಡೆಯೇ ಉಬ್ಬಿಕೊಂಡು, ಗುಡ್ಡವನ್ನು ಕಾಯಬೇಕಾದ ಗೋಡೆಯನ್ನು ಯಾರು ಕಾಯಬೇಕೆಂಬ ಚರ್ಚೆ ನಡೆದದ್ದನ್ನು ಸಂದರ್ಶಕರು ಮರೆತಂತಿದೆ.

ಪ್ರಶ್ನೆ: ಇರಲಿ. ಕಟ್ಟಡಕ್ಕಿಂತ ನೇಮಕಾತಿಯೇ ಮುಖ್ಯವೆಂಬುದು ಈ ಸಂದರ್ಶನದ ನಿಲುವು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆದು, ಉತ್ತರ ಪತ್ರಿಕೆಗಳನ್ನು ತಿದ್ದಿದ್ದು ಬಯಲಾಗಿ, 2022ರಲ್ಲಿ ಇಡೀ ಆಯ್ಕೆ ರದ್ದಾಗಿ, ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯೇ ಬಂಧಿತರಾದರು. ಮರುಪರೀಕ್ಷೆ ನಡೆಯುವಷ್ಟರಲ್ಲಿ 2024 ಬಂದಿತ್ತು. ಖಾಕಿ ತೊಡುವ ಮೊದಲೇ ಇಷ್ಟು ಪಳಗಿದವರಿಗೆ ತರಬೇತಿ ಕೇಂದ್ರವು ಹೊಸದಾಗಿ ಏನು ಕಲಿಸೀತು?

ಉತ್ತರ: ಉತ್ತರ ಪತ್ರಿಕೆ ಸಮತಟ್ಟಾಗಿರುತ್ತದೆ, ಜೆಸಿಬಿ ಬೇಕಾಗುವುದಿಲ್ಲ.

ಪ್ರಶ್ನೆ: ಪ್ರಶ್ನೆ ನೇಮಕಾತಿಯ ಕುರಿತಾಗಿತ್ತು.

ಉತ್ತರ: ಸದರಿ ಜಾಗದ ಉತ್ತರ ಮೈದಾನದ ಕುರಿತಾಗಿದೆ. ಮೈಸೂರಿನ ಅಕಾಡೆಮಿ, ಚನ್ನಪಟ್ಟಣದ ಶಾಲೆ, ಕಲಬುರಗಿಯ ನಾಗನಹಳ್ಳಿಯ ಕಾಲೇಜು ಇವೆಲ್ಲ ಬಯಲುಸೀಮೆಯಲ್ಲಿವೆ. ಅಲ್ಲಿ ದೇವರೇ ಮೊದಲು ಇಸ್ತ್ರಿ ಹಾಕಿಟ್ಟಿದ್ದಾನೆ. ಇಲ್ಲಿಯಾದರೋ ಸಿ ಅಂಡ್ ಡಿ ಜಾಗ, ಅಂದರೆ ಕೃಷಿಗೆ ಯೋಗ್ಯವಲ್ಲವೆಂದು ಕಂದಾಯ ಇಲಾಖೆಯು ಅರಣ್ಯ ಇಲಾಖೆಗೆ ದಾಟಿಸಿದ ಜಾಗ, ಯಾರದೆಂಬ ಜಗಳವೇ ಮುಗಿದಿಲ್ಲ. ಬಡವನೊಬ್ಬ ಎರಡು ಸಾಲು ಕಾಫಿ ಗಿಡ ಊರಿದರೆ ಒತ್ತುವರಿ, ಇಲಾಖೆಯೊಂದು ಗುಡ್ಡವನ್ನೇ ಕೆತ್ತಿದರೆ ಅಭಿವೃದ್ಧಿ. 2018ರಲ್ಲಿ ಮನೆ ಕಳೆದುಕೊಂಡವರಿಗೆ ಇದೇ ಮಾದಾಪುರದ ಬಳಿ ಜಂಬೂರಿನಲ್ಲಿ ಮನೆಗಳು ಕೈಸೇರುವಷ್ಟರಲ್ಲಿ 2020ರ ಜೂನ್ ಬಂದಿತ್ತು. ಅಲ್ಲಿಯವರೆಗೆ ಅವರು ಎರಡು ಮಳೆಗಾಲಗಳನ್ನು ಎಲ್ಲಿ ಕಳೆದರೆಂದು ಯಾರ ಮೈದಾನವೂ ಕೇಳಲಿಲ್ಲ.

ಪ್ರಶ್ನೆ: ಅಟ್ಲಾಂಟಾದ ಕಾಡಿನಲ್ಲಿ 2023ರ ಜನವರಿಯಲ್ಲಿ ಹೋರಾಟಗಾರರೊಬ್ಬರು ಪೊಲೀಸರ ಗುಂಡಿಗೆ ಬಲಿಯಾದರು, ಯೋಜನೆಯನ್ನು ಮತಕ್ಕೆ ಹಾಕಬೇಕೆಂದು ಲಕ್ಷಕ್ಕೂ ಹೆಚ್ಚು ಸಹಿಗಳನ್ನು ಸಂಗ್ರಹಿಸಿದರೂ ಮತದಾನ ನಡೆಯಲಿಲ್ಲ, 61 ಮಂದಿಯ ಮೇಲೆ ಸಂಘಟಿತ ಅಪರಾಧದ ಆರೋಪ ಹೊರಿಸಲಾಯಿತು. ಈ ಬಗ್ಗೆ?

ಉತ್ತರ: ಅಲ್ಲಿ ಮಳೆ ಎಷ್ಟು ಇಂಚು?

ಸಂದರ್ಶಕರು ಇಲ್ಲಿ ನೇಮಕಾತಿಯ ವಿಷಯಕ್ಕೆ ಮರಳಲು ಯತ್ನಿಸಿದರಾದರೂ, ಅನಿವಾರ್ಯವಾಗಿ ಪಠ್ಯಕ್ರಮದ ಪ್ರಶ್ನೆಯೊಂದನ್ನು ಕೇಳಬೇಕಾಯಿತು.

ಪ್ರಶ್ನೆ: ಇಂಥ ಕೇಂದ್ರದಲ್ಲಿ ಏನನ್ನು ಕಲಿಸಬೇಕು?

ಉತ್ತರ: ಕುಶಾಲನಗರದ ಬಳಿಯ ಬಸವನಹಳ್ಳಿಯ ಆದಿವಾಸಿ ಒಬ್ಬರು ಹೆಂಡತಿ ಕಾಣೆಯಾಗಿದ್ದಾಳೆಂದು ಠಾಣೆಗೆ ಹೋಗಿ ದೂರು ಕೊಟ್ಟರು. ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಅಸ್ಥಿಪಂಜರವೊಂದು ಸಿಕ್ಕಿತು. ಅದು ಆಕೆಯದೇ ಎಂದು ತೀರ್ಮಾನಿಸಿ, ದೂರು ಕೊಟ್ಟವರನ್ನೇ ಕೊಲೆಗಾರರೆಂದು ಜೈಲಿಗೆ ಹಾಕಿದರು. ಡಿಎನ್‌ಎ ಹೊಂದಲಿಲ್ಲ, ಆದರೂ ಮೊಕದ್ದಮೆ ನಡೆಯಿತು. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಕಾಣಿಸಿಕೊಂಡರು. ಪೊಲೀಸರಲ್ಲ, ಪರಿಚಯದವರು ನೋಡಿ ತಿಳಿಸಿದ್ದು. ನ್ಯಾಯಾಲಯವು ಗಂಡನನ್ನು ಬಿಡುಗಡೆ ಮಾಡಿ ಒಂದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಒಂದು ಲಕ್ಷ! ಬದುಕಿರುವ ಹೆಂಗಸನ್ನು ಕಾಗದದ ಮೇಲೆ ಕೊಂದು, ಒಂದು ಸಂಸಾರವನ್ನು ನಿಜವಾಗಿಯೇ ಮುರಿದವರಿಗೆ ಕವಾಯತು ಬರುತ್ತಿರಲಿಲ್ಲವೇ? ಗುಂಡು ಹಾರಿಸಲು ಬರುತ್ತಿರಲಿಲ್ಲವೇ? ಎಲ್ಲವೂ ಬರುತ್ತಿತ್ತು. ಅದಕ್ಕೂ ಮೊದಲು, 2021ರ ಜೂನ್‌ನಲ್ಲಿ, ವಿರಾಜಪೇಟೆಯಲ್ಲಿ ಮಾನಸಿಕ ಅಸ್ವಸ್ಥರೊಬ್ಬರು ಪೊಲೀಸರ ಹೊಡೆತದಿಂದ ಸತ್ತರೆಂಬ ಆರೋಪದ ಮೇಲೆ ಎಂಟು ಮಂದಿ ಅಮಾನತಾದರು. ಅಮಾನತು ಮಾಡಲು ಎಕರೆಗಳು ಬೇಕಾಗಲಿಲ್ಲ. ಹೊಡೆಯಬಾರದೆಂದು ಕಲಿಸುವುದಕ್ಕೆ ಮಾತ್ರ ಯಾಕೆ ಬೇಕು?

ಪ್ರಶ್ನೆ: ಹಾಗಾದರೆ ತರಬೇತಿಯೇ ಬೇಡವೆ?

ಉತ್ತರ: ಬೇಕು. ಒಂದು ಕೊಠಡಿ, ನಲವತ್ತು ಕುರ್ಚಿ, ಬಸವನಹಳ್ಳಿಯ ಮೊಕದ್ದಮೆಯ ಕಡತ, ಅದನ್ನು ಸಾಲುಸಾಲಾಗಿ ಓದಿಸಬಲ್ಲ ಒಬ್ಬ ನಿವೃತ್ತ ನ್ಯಾಯಾಧೀಶರು. ಮಾದಾಪುರದಲ್ಲಿ ಬಾಡಿಗೆಗೆ ಸಿಗುವ ಯಾವ ಕಟ್ಟಡವಾದರೂ ಆದೀತು. ಬೇಕಾದರೆ ಬೆಂಚುಗಳನ್ನು ಸದರಿ ಜಾಗದಲ್ಲೇ ಹಾಕಿಕೊಳ್ಳಲಿ, ಓರೆಯಾಗಿಯೇ ಕೂರಲಿ. ಮಟ್ಟ ಮಾಡಬೇಕೆಂದು ಯಾರಾದರೂ ಅರ್ಜಿ ಕೊಟ್ಟರೆ ಸದರಿ ಜಾಗದ ಆಕ್ಷೇಪಣೆ ಈಗಾಗಲೇ ಸಿದ್ಧವಿದೆ, ಮೂರು ಪ್ರತಿಗಳಲ್ಲಿ.