ಕಟಿ ಸಾರ್ಕ್ ನಿಲ್ದಾಣ: ಬಳಸುವ ಮುನ್ನ ಓದಿಕೊಳ್ಳಿ

ಲಂಡನ್ನಿನ ಕಟಿ ಸಾರ್ಕ್ ಲೈಟ್ ರೈಲು ನಿಲ್ದಾಣವನ್ನು ಆಯ್ದುಕೊಂಡ ಗ್ರಾಹಕ ಮಹಾಶಯರಿಗೆ ವಂದನೆಗಳು. ಮಿಕ್ಸಿಯ ಜೊತೆ ಬಂದ ಕೈಪಿಡಿಯನ್ನು ಪ್ಲಾಸ್ಟಿಕ್ ಚೀಲದಿಂದ ಹೊರಗೇ ತೆಗೆಯದೆ ಅಟ್ಟಕ್ಕೆ ಹಾಕುವುದು ನಮ್ಮ ಮನೆಗಳ ಸಂಪ್ರದಾಯ. ಮಿಕ್ಸಿಯಾದರೆ ಹೆಚ್ಚೆಂದರೆ ಚಟ್ನಿ ಗೋಡೆಗೆ ಹಾರುತ್ತದೆ. ಇಲ್ಲಿ ಹಾಗಲ್ಲ. ಕೈಪಿಡಿ ಓದದವರು ಥೇಮ್ಸ್ ನದಿಯನ್ನು ಅದರ ಅಡಿಯಿಂದಲೇ ದಾಟಿ, ನಿಲ್ದಾಣವನ್ನು ಸರಿಯಾದ ಹೊತ್ತಿಗೇ ತಲುಪಿ, ಕಿಟಕಿಯಾಚೆಯ ಸುರಂಗದ ಗೋಡೆಯನ್ನು ನೋಡುತ್ತ, ತೆರೆಯದ ಬಾಗಿಲಿನ ಮುಂದೆ ನಿಂತು, ಹಾಗೆಯೇ ಮುಂದಿನ ಸ್ಟೇಷನ್ನಿಗೆ ಹೋಗಿಬಿಡುತ್ತಾರೆ.

ಮಗನ ಮನೆಗೋ ಮಗಳ ಮನೆಗೋ ಬೇಸಿಗೆಯಲ್ಲಿ ಬಂದಿಳಿದ ಅಪ್ಪ-ಅಮ್ಮಂದಿರಿಗಾಗಿ ಇದನ್ನು ಸಿದ್ಧಪಡಿಸಲಾಗಿದೆ. ಉಳಿದವರೂ ಓದಬಹುದು.

ಪೆಟ್ಟಿಗೆಯಲ್ಲಿ ಏನೇನಿದೆ

ಥೇಮ್ಸ್‌ನ ದಕ್ಷಿಣ ದಂಡೆಯಲ್ಲಿ, ಹತ್ತು ಹದಿನೈದು ನಿಮಿಷದ ನಡಿಗೆಯೊಳಗೆ, ಒಂದು ಹಡಗು, ಹಳೆಯ ನೌಕಾ ಕಾಲೇಜು, ನೌಕಾ ವಸ್ತುಸಂಗ್ರಹಾಲಯ, ರಾಣಿಯ ಮನೆ, ಸೂರು ಹಾಕಿದ ಒಂದು ಸಂತೆ, ಗುಡ್ಡದ ತುದಿಯಲ್ಲಿ ವೀಕ್ಷಣಾಲಯ. ಇಷ್ಟನ್ನೂ ಒಟ್ಟಿಗೆ ‘ಮ್ಯಾರಿಟೈಮ್ ಗ್ರೀನಿಚ್’ ಎಂದು ಕರೆದು ಯುನೆಸ್ಕೊ 1997ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಡಿಎಲ್‌ಆರ್ ಎಂಬ ಡಾಕ್‌ಲ್ಯಾಂಡ್ಸ್ ಲೈಟ್ ರೈಲು 1987ರಲ್ಲೇ ಶುರುವಾಗಿದ್ದರೂ ನದಿ ದಾಟಿ ಈ ಕಡೆ ಬಂದದ್ದು 1999ರಲ್ಲಿ. ಅಲ್ಲಿಯವರೆಗೆ ರೈಲು ಎದುರು ದಂಡೆಯ ಐಲೆಂಡ್ ಗಾರ್ಡನ್ಸ್‌ನಲ್ಲಿ ನಿಂತುಬಿಡುತ್ತಿತ್ತು. ಜನ ಇಳಿದು, ನದಿಯ ಕೆಳಗಿನ ಕಾಲ್ನಡಿಗೆಯ ಸುರಂಗದಲ್ಲಿ ನಡೆದು ಬರುತ್ತಿದ್ದರು.

ಒಂದನೆಯ ನಿಯಮವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಗ್ರೀನಿಚ್ ನೋಡಬೇಕಾದವರು ಗ್ರೀನಿಚ್ ಸ್ಟೇಷನ್ನಿನಲ್ಲಿ ಇಳಿಯಬಾರದು. ಅದಕ್ಕೂ ಒಂದು ನಿಲ್ದಾಣ ಮೊದಲೇ ಇಳಿಯಬೇಕು.

ಮುಂದಿನ ಸೀಟಿನ ಬಳಕೆ

ಡಿಎಲ್‌ಆರ್ ರೈಲಿಗೆ ಚಾಲಕನ ಕೋಣೆ ಇಲ್ಲ. ಓಡಿಸುವುದು ಕಂಪ್ಯೂಟರು. ರೈಲಿನೊಳಗೆ ಓಡಾಡಿಕೊಂಡಿರುವ ಸಿಬ್ಬಂದಿಯೊಬ್ಬರು ಬಾಗಿಲ ಬಳಿ ಕೀಲಿ ತಿರುಗಿಸಿ, ಬಾಗಿಲು ಮುಚ್ಚಿ, ಹೊರಡಲು ಅಪ್ಪಣೆ ಕೊಡುತ್ತಾರೆ. ಹೀಗಾಗಿ ರೈಲಿನ ತುತ್ತ ತುದಿಯಲ್ಲಿ, ದೊಡ್ಡ ಗಾಜಿನ ಹಿಂದೆ, ಹಳಿಯನ್ನೇ ನೋಡುತ್ತ ಕೂರುವ ಸೀಟು ಸಾರ್ವಜನಿಕರಿಗೆ ಸಿಗುತ್ತದೆ. ಅದು ಮಕ್ಕಳಿಗೆಂದು ಎಲ್ಲರೂ ಭಾವಿಸಿದ್ದಾರೆ, ಆದರೆ ಹಾಗೆಂದು ಎಲ್ಲೂ ಬರೆದಿಲ್ಲ. ನಲವತ್ತು ವರ್ಷ ಸರ್ಕಾರಿ ನೌಕರಿ ಮಾಡಿ, ಬಸ್ಸಿನಲ್ಲಿ ಕಿಟಕಿ ಪಕ್ಕದ ಜಾಗಕ್ಕೆ ಟವೆಲ್ ಎಸೆದು ಪಳಗಿದ ಕೈ ಇಲ್ಲಿ ತಾನಾಗಿಯೇ ಚುರುಕಾಗುತ್ತದೆ.

ಬ್ಯಾಂಕ್ ನಿಲ್ದಾಣದಲ್ಲೇ ಹತ್ತಿದರೆ ಸೀಟು ಸಿಗುವ ಸಂಭವ ಹೆಚ್ಚು. ಕೆನರಿ ವಾರ್ಫ್‌ನಲ್ಲಿ ಹತ್ತುವವರು ಕಾಯಬೇಕು. ಅಲ್ಲಿಯ ಬ್ಯಾಂಕುಗಳ ಕಂಪ್ಯೂಟರ್ ವಿಭಾಗದಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೆ ಆ ಸೀಟಿನ ಮೇಲೆ ಆಸೆ ಉಳಿದಿಲ್ಲ. ಅವರು ಫೋನ್ ನೋಡುತ್ತಾರೆ. ಪೈಪೋಟಿ ಏನಿದ್ದರೂ ಆರು ವರ್ಷದವರಿಗೂ ಅರವತ್ತಾರು ವರ್ಷದವರಿಗೂ ನಡುವೆ.

ಗಾಜಿನ ಗೋಪುರಗಳ ಸಂದಿಯಲ್ಲಿ ಹಾದು, ಹಳೆಯ ಹಡಗುಕಟ್ಟೆಗಳ ನೀರಿನ ಮೇಲೆ ಸಾಗಿ, ಕ್ರಾಸ್‌ಹಾರ್ಬರ್ ದಾಟಿದ ಮೇಲೆ ಮಡ್‌ಶೂಟ್ ಬರುತ್ತದೆ. ಮಿಲ್‌ವಾಲ್ ಹಡಗುಕಟ್ಟೆಯಿಂದ ಎತ್ತಿದ ಹೂಳನ್ನು ಸುರಿದ ಜಾಗ ಇದು. ಈಗ ಅದೇ ಹೂಳಿನ ದಿಬ್ಬದ ಮೇಲೆ ಕುರಿಗಳು ಮೇಯುತ್ತವೆ. ಇದಾದ ಕೂಡಲೇ ಹಳಿ ಮುಂದಕ್ಕೆ ಬಾಗಿ ನೆಲದೊಳಗೆ ಇಳಿಯತೊಡಗುತ್ತದೆ. ಈ ಹಂತದಲ್ಲಿ ಬಳಕೆದಾರರನ್ನು ಗಮನಿಸಿ: ಎಡಗೈ ಕಿಟಕಿಯ ಅಂಚನ್ನು ಹಿಡಿದಿರುತ್ತದೆ, ಬಲಗಾಲು ಇಲ್ಲದ ಬ್ರೇಕನ್ನು ಮೆಲ್ಲಗೆ ಒತ್ತುತ್ತಿರುತ್ತದೆ. ಇದು ದೋಷವಲ್ಲ. ಬಜಾಜ್ ಸ್ಕೂಟರ್ ಓಡಿಸಿದವರಲ್ಲಿ ಸಹಜ.

ಒಮ್ಮೊಮ್ಮೆ ಸಿಬ್ಬಂದಿ ಬಂದು, ಮುಂಭಾಗದ ಮುಚ್ಚಳ ತೆಗೆದು ತಾವೇ ಓಡಿಸುವ ಸಂದರ್ಭ ಬರುತ್ತದೆ. ಆಗ ವಿನಯದಿಂದ ಎದ್ದು ಜಾಗ ಬಿಡಿ. ಸೀಟು ನಿಮ್ಮ ಹೆಸರಿಗೆ ರಿಜಿಸ್ಟರ್ ಆಗಿಲ್ಲ.

ಬಾಗಿಲುಗಳ ಬಗ್ಗೆ ಮುಖ್ಯ ಎಚ್ಚರಿಕೆ

ಈಗ ಅಸಲು ವಿಷಯ. ಕಟಿ ಸಾರ್ಕ್ ಪ್ಲಾಟ್‌ಫಾರ್ಮನ್ನು ಕಟ್ಟಿದ್ದು ಎರಡು ಬೋಗಿಯ ರೈಲಿಗೆ. ಜನ ಹೆಚ್ಚಾದರು, 2010ರ ಸುಮಾರಿಗೆ ರೈಲು ಮೂರು ಬೋಗಿಯದಾಯಿತು. ಬಹುತೇಕ ಕಡೆಗಳಲ್ಲಿ ಪ್ಲಾಟ್‌ಫಾರ್ಮ್ ಎಳೆದು ಉದ್ದ ಮಾಡಿದರು. ಇಲ್ಲಿ ಸುತ್ತಲೂ ನೆಲ, ನೆಲದ ಮೇಲೆ ಮುಟ್ಟಬಾರದ ಪರಂಪರೆಯ ಕಟ್ಟಡಗಳು. ಸುರಂಗ ಅಗಲಿಸುವ ಖರ್ಚು ಕೈಗೆಟುಕುವಂಥದ್ದಲ್ಲ. ಹಾಗಾಗಿ ಪ್ಲಾಟ್‌ಫಾರ್ಮ್ ಇದ್ದಷ್ಟೇ ಉಳಿಯಿತು. ರೈಲು ಬಂದು ನಿಂತಾಗ ಅದರ ಮುಂದಿನ ತುದಿಯೂ ಹಿಂದಿನ ತುದಿಯೂ ಸುರಂಗದೊಳಗೇ ಉಳಿಯುತ್ತವೆ, ಆ ತುದಿಗಳ ಬಾಗಿಲು ತೆರೆಯುವುದಿಲ್ಲ. ರೇಖಾಂಶವನ್ನು ಎಲ್ಲಿಂದ ಎಣಿಸಬೇಕೆಂದು ಇಡೀ ಭೂಮಿಗೆ ಹೇಳಿಕೊಟ್ಟ ಊರಿನಲ್ಲಿ ಒಂದು ರೈಲಿನ ಅಳತೆ ತಪ್ಪಿತಲ್ಲ ಎಂದು ನನಗಂತೂ ಪ್ರತಿ ಸಲ ಒಳಗೊಳಗೇ ಸಂತೋಷವಾಗುತ್ತದೆ.

ಬುದ್ಧಿವಂತ ಓದುಗರು ಈ ಹೊತ್ತಿಗೆ ಸಂಕಟವನ್ನು ಗ್ರಹಿಸಿರಬೇಕು. ಹೋರಾಡಿ ಗಿಟ್ಟಿಸಿದ ಮುಂದಿನ ಸೀಟು ಇರುವುದು ಸರಿಯಾಗಿ ಆ ತೆರೆಯದ ಬಾಗಿಲಿನ ಪಕ್ಕದಲ್ಲಿ. ಸುರಂಗದ ಸೊಗಸಾದ ಇಳಿಜಾರು ಬರುವ ಹೊತ್ತಿಗೇ ಸೀಟು ಬಿಟ್ಟು, ತಳ್ಳುಗಾಡಿಗಳ ಮತ್ತು ಬೆನ್ನುಚೀಲಗಳ ನಡುವೆ ದಾರಿ ಮಾಡಿಕೊಂಡು, ಬೋಗಿಯ ಹಿಂಭಾಗಕ್ಕೆ ಹೋಗಿ ನಿಲ್ಲಬೇಕು. ಧ್ವನಿವರ್ಧಕ ಮೊದಲೇ ಎಚ್ಚರಿಸುತ್ತದೆ. ಆದರೆ ಸೀಟಿನಲ್ಲಿರುವವರಿಗೆ ಅದು ಕೇಳಿಸುವುದಿಲ್ಲ.

“ರೀ, ಏಳಿ, ಮಧ್ಯಕ್ಕೆ ಹೋಗ್ಬೇಕಂತೆ.”

“ಇರೇ, ಈಗ ನದಿ ಕೆಳಗೆ ಹೋಗತ್ತೆ.”

“ನದಿ ಏನು ಕಾಣತ್ತಾ? ಬರೀ ಕತ್ತಲೆ.”

“ಕತ್ತಲೆ ಅಂದ್ರೇ ನದಿ ಕಣೇ.”

ಈ ಸಂಭಾಷಣೆ ಮುಗಿಯುವುದಕ್ಕೆ ಬೇಕಾದ ಸಮಯವೂ ಐಲೆಂಡ್ ಗಾರ್ಡನ್ಸ್‌ನಿಂದ ಕಟಿ ಸಾರ್ಕ್‌ಗೆ ಬೇಕಾದ ಸಮಯವೂ ಒಂದೇ. ಪರಿಣಾಮವಾಗಿ ಅಮ್ಮ ಇಳಿಯುತ್ತಾರೆ, ಅಪ್ಪ ಗ್ರೀನಿಚ್ ಸ್ಟೇಷನ್ನಿಗೆ ಹೋಗುತ್ತಾರೆ. ಗಾಬರಿಯಾಗಬೇಕಾಗಿಲ್ಲ; ಅಲ್ಲಿಂದ ನಡೆದು ಬರಲು ಹತ್ತು ನಿಮಿಷ ಸಾಕು. ಬಂದವರು ಆ ಸ್ಟೇಷನ್ನನ್ನೂ ನೋಡಬೇಕೆಂದೇ ಹೋದದ್ದು ಎಂದು ಹೇಳಿದರೆ ನಂಬಿದಂತೆ ತೋರಿಸಿಕೊಳ್ಳಿ.

ಕಾರ್ಡು

ಹೆಚ್ಚಿನ ಡಿಎಲ್‌ಆರ್ ನಿಲ್ದಾಣಗಳಂತೆ ಇಲ್ಲಿಯೂ ತಡೆಯುವ ಗೇಟಿಲ್ಲ. ಗೇಟಿಲ್ಲ ಎಂದರೆ ದುಡ್ಡಿಲ್ಲ ಎಂದಲ್ಲ. ಹತ್ತುವಾಗ ಒಮ್ಮೆ, ಇಳಿದ ಮೇಲೆ ಒಮ್ಮೆ ಕಾರ್ಡನ್ನು ಯಂತ್ರಕ್ಕೆ ಮುಟ್ಟಿಸಿ. ಮರೆತರೆ ಅತಿ ಹೆಚ್ಚಿನ ದರ ಕಡಿತವಾಗುತ್ತದೆ, ಮತ್ತು ಅದನ್ನು ರೂಪಾಯಿಗೆ ಗುಣಿಸಿ ನೋಡುವ ಅಭ್ಯಾಸವಿದ್ದವರಿಗೆ ಆ ದಿನ ಊಟ ಸೇರುವುದಿಲ್ಲ.

ಹಡಗನ್ನು ನೋಡುವ ಕ್ರಮ

ಎಸ್ಕಲೇಟರ್ ಏರಿ, ಅಂಗಡಿಗಳ ನಡುವಿನ ಓಣಿಯಲ್ಲಿ ಹೊರಬಿದ್ದರೆ ನಿಲ್ದಾಣ ಎಲ್ಲಿತ್ತೆಂದು ತಿರುಗಿ ನೋಡಿದರೂ ಗೊತ್ತಾಗುವುದಿಲ್ಲ. ನದಿಯ ಕಡೆ ನಡೆಯಿರಿ. ಸೂರುಗಳ ಮೇಲೆ ಮೂರು ಪಟಮರಗಳು ಕಾಣಿಸುತ್ತವೆ. ಅದೇ ಕಟಿ ಸಾರ್ಕ್.

ಚೀನಾದಿಂದ ಚಹಾ ತರಲು ಕಟ್ಟಿದ ಹಾಯಿಹಡಗು ಇದು. ಸ್ಕಾಟ್ಲೆಂಡಿನ ಡಂಬಾರ್ಟನ್ನಿನಲ್ಲಿ 1869ರ ನವೆಂಬರ್ 22ರಂದು ನೀರಿಗಿಳಿಯಿತು. ಸೂಯೆಜ್ ಕಾಲುವೆ ತೆರೆದದ್ದು ಅದೇ ತಿಂಗಳು 17ರಂದು. ಐದೇ ದಿನ. ಹಾಯಿಹಡಗು ಆಫ್ರಿಕಾವನ್ನು ಸುತ್ತಿಕೊಂಡು ಬರಬೇಕು. ಹಬೆಯ ಹಡಗಿಗೆ ಅಡ್ಡದಾರಿ ಸಿಕ್ಕಿತು. ಲೋಕದ ಅತಿ ವೇಗದ ಹಡಗುಗಳಲ್ಲೊಂದು ಹುಟ್ಟುವಾಗಲೇ ಹಳೆಯದಾಗಿತ್ತು. ಎಂಟು ಸಲ ಚಹಾ ತಂದು ಆ ವ್ಯಾಪಾರ ಕೈಬಿಟ್ಟಿತು. ಆಮೇಲೆ ಆಸ್ಟ್ರೇಲಿಯಾದಿಂದ ಉಣ್ಣೆ ಹೊತ್ತು ತರುವ ಕೆಲಸಕ್ಕೆ ಸೇರಿತು, ಅದರ ನಿಜವಾದ ವೇಗ ಊರಿಗೆ ಗೊತ್ತಾದದ್ದೇ ಆಗ. ಎರಡನೆಯ ನೌಕರಿಯಲ್ಲಿ ಹೆಸರು ಮಾಡಿದವರ ಬಗ್ಗೆ ನನಗೆ ಮೊದಲಿನಿಂದಲೂ ಗೌರವ.

1954ರಿಂದ ಅದು ಇಲ್ಲಿಯ ಒಣ ಕಟ್ಟೆಯಲ್ಲಿದೆ. ದುರಸ್ತಿಗೆಂದು ಬಿಚ್ಚಿಟ್ಟಿದ್ದಾಗ, 2007ರ ಮೇ 21ರ ನಸುಕಿನಲ್ಲಿ ಬೆಂಕಿ ಬಿತ್ತು. ವಾರದ ಕೊನೆಯಲ್ಲಿ ಆರಿಸದೆ ಬಿಟ್ಟುಹೋದ ಧೂಳು ಹೀರುವ ಯಂತ್ರವೊಂದು ಕಾರಣವಿರಬೇಕೆಂದು ತನಿಖೆ ಹೇಳಿತು. (ಮನೆಗೆ ಬೀಗ ಹಾಕುವ ಮುನ್ನ ಮೂರು ಸಲ ಸ್ವಿಚ್ ನೋಡುವ ಅಮ್ಮಂದಿರು ಈ ಸಾಲನ್ನು ಗಟ್ಟಿಯಾಗಿ ಓದಬಹುದು.) ಪುಣ್ಯಕ್ಕೆ ಪಟಮರಗಳನ್ನೂ ಬಹಳಷ್ಟು ಹಲಗೆಗಳನ್ನೂ ಅದಕ್ಕೆ ಮೊದಲೇ ಕಳಚಿ ಬೇರೆಡೆ ಇಟ್ಟಿದ್ದರು. 2012ರಲ್ಲಿ ಮತ್ತೆ ತೆರೆದಾಗ ಹಡಗನ್ನು ಸುಮಾರು ಮೂರು ಮೀಟರ್ ಮೇಲಕ್ಕೆತ್ತಿ, ಸುತ್ತ ಗಾಜಿನ ಅಲೆ ಹೊದಿಸಿದ್ದರು. ಟಿಕೆಟ್ ಕೊಂಡವರು ಅದರ ಹೊಟ್ಟೆಯ ಕೆಳಗೆ ನಿಂತು, ಹಿತ್ತಾಳೆಯಂತೆ ಹೊಳೆಯುವ ತಗಡಿನ ಹೊದಿಕೆಯನ್ನು ತಲೆಯೆತ್ತಿ ನೋಡಬಹುದು. ಅಲ್ಲೇ ಮೇಜು ಹಾಕಿ ಟೀ ಕೂಡ ಕೊಡುತ್ತಾರೆ. ಮೂತಿಯಲ್ಲಿ ಗಿಡ್ಡ ಅಂಗಿಯ ಮಾಟಗಾತಿಯೊಬ್ಬಳು ಕುದುರೆಯ ಬಾಲ ಹಿಡಿದು ಕೈಚಾಚಿದ್ದಾಳೆ. ಫೋಟೋಗೆ ಅವಳ ಕೆಳಗೆ ನಿಲ್ಲಿ.

ಪಕ್ಕದ ನೌಕಾ ಕಾಲೇಜಿನ ಅಂಗಳಕ್ಕೆ ಶುಲ್ಕವಿಲ್ಲ. ಚಿತ್ರಿತ ಸಭಾಂಗಣಕ್ಕೆ ಇದೆ. ಅದರ ಗೋಡೆ-ಚಾವಣಿಗಳನ್ನು ತುಂಬಲು ಜೇಮ್ಸ್ ಥಾರ್ನ್‌ಹಿಲ್ 19 ವರ್ಷ ತೆಗೆದುಕೊಂಡ. ಕಾಲೇಜಿನ ಒಂದು ಭಾಗದಲ್ಲಿ ಈಗ ಸಂಗೀತ ಶಾಲೆಯಿದೆ. ಕಿಟಕಿ ತೆರೆದಿದ್ದರೆ ಮೇಲಿನ ಯಾವುದೋ ಕೋಣೆಯಲ್ಲಿ ಯಾರೋ ತುತ್ತೂರಿಯಲ್ಲಿ ಒಂದೇ ಸಾಲನ್ನು ತಪ್ಪಿ, ಮತ್ತೆ ತಪ್ಪಿ, ಸರಿಮಾಡಿಕೊಳ್ಳುವುದು ಕೇಳಿಸುತ್ತದೆ. ಸಭಾಂಗಣಕ್ಕಿಂತ ಇದು ನನಗೆ ಇಷ್ಟ.

ಗಡಿಯಾರ ಹೊಂದಿಸುವ ವಿಧಾನ

ಪಾರ್ಕಿನ ಗುಡ್ಡ ಹತ್ತಿದರೆ 1675ರಲ್ಲಿ ಎರಡನೆಯ ಚಾರ್ಲ್ಸ್ ಸ್ಥಾಪಿಸಿದ ವೀಕ್ಷಣಾಲಯ. ಅದರ ಗೇಟಿನ ಹೊರಗೋಡೆಯಲ್ಲಿ 1852ರ ಒಂದು ಗಡಿಯಾರವಿದೆ, ನೋಡಲು ಕಾಸಿಲ್ಲ. ಅದರಲ್ಲಿ 24 ಗಂಟೆಗಳ ಮುಖ. ನೆತ್ತಿಯಲ್ಲಿ ಸೊನ್ನೆ, ಬುಡದಲ್ಲಿ 12. ನಡುಹಗಲಿನಲ್ಲಿ ಗಂಟೆಯ ಮುಳ್ಳು ನೇರ ಕೆಳಗೆ ತೋರಿಸುತ್ತದೆ. “ಆರು ಗಂಟೆಯಾಯ್ತಾ!” ಎಂದು ಬೆಚ್ಚಿಬೀಳಬೇಡಿ.

ಇಂಗ್ಲೆಂಡಿನವರು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಈ ಗಡಿಯಾರ ತಿರುಗುವುದಿಲ್ಲ, ವರ್ಷವಿಡೀ ಗ್ರೀನಿಚ್ ಕಾಲವನ್ನೇ ತೋರಿಸುತ್ತದೆ. ಜೂನ್ ತಿಂಗಳಲ್ಲಿ ಮೈಸೂರಿಗೆ ಫೋನ್ ಮಾಡಬೇಕಾದವರು ಕೈಗಡಿಯಾರಕ್ಕೆ ನಾಲ್ಕೂವರೆ ಕೂಡಿಸಬೇಕೋ ಐದೂವರೆಯೋ ಎಂದು ಬೆರಳು ಮಡಚುತ್ತಿದ್ದರೆ, ಈ ಗೋಡೆಯ ಮುಂದೆ ನಿಂತು ಕಣ್ಣುಮುಚ್ಚಿ ಐದೂವರೆ ಕೂಡಿಸಿ. ಯಾವ ತಿಂಗಳಾದರೂ ಸರಿ. ಆದರೆ ಅದೇ ವೀಕ್ಷಣಾಲಯದ ಮಾಡಿನ ಮೇಲಿನ ಕೆಂಪು ಚೆಂಡನ್ನು ನಂಬಬೇಡಿ. ಹಡಗಿನವರು ಸಮಯ ಸರಿಮಾಡಿಕೊಳ್ಳಲೆಂದು 1833ರಿಂದ ಅದನ್ನು ಬೀಳಿಸುತ್ತಿದ್ದಾರೆ: 12.55ಕ್ಕೆ ಅರ್ಧ ಏರುತ್ತದೆ, 12.58ಕ್ಕೆ ತುದಿ ಮುಟ್ಟುತ್ತದೆ, ಒಂದಕ್ಕೆ ಬೀಳುತ್ತದೆ. ಬೇಸಿಗೆಯಲ್ಲಿ ಅದು ಬೇಸಿಗೆಯ ಕಾಲಕ್ಕೆ ಬೀಳುತ್ತದೆ, ಕೆಳಗಿನ ಗಡಿಯಾರದಲ್ಲಿ ಆಗಿನ್ನೂ ಹನ್ನೆರಡು. ಒಂದೇ ಕಾಂಪೌಂಡಿನೊಳಗಿನ ಇಬ್ಬರು ಹಿರಿಯರು ಅರ್ಧ ವರ್ಷ ಪರಸ್ಪರ ಒಪ್ಪುವುದಿಲ್ಲ.

ಒಳಗೆ, ಟಿಕೆಟಿನವರಿಗೆ, ಸೊನ್ನೆ ಡಿಗ್ರಿಯ ಗೆರೆ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ 25 ದೇಶಗಳಲ್ಲಿ 22 ಇದಕ್ಕೆ ಮತ ಹಾಕಿದವು. ಜನ ಸಾಲು ನಿಂತು, ಒಂದು ಕಾಲು ಪೂರ್ವಕ್ಕೆ ಒಂದು ಕಾಲು ಪಶ್ಚಿಮಕ್ಕೆ ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ತೆಗೆಸಿಕೊಳ್ಳಿ, ಆದರೆ ಆ ಫೋನಿನಲ್ಲಿ ಜಿಪಿಎಸ್ ತೆರೆಯಬೇಡಿ. ಫೋನಿನ ಸೊನ್ನೆ ಇಲ್ಲಿಂದ 102 ಮೀಟರ್ ಪೂರ್ವಕ್ಕೆ, ಪಾರ್ಕಿನ ಹುಲ್ಲಿನ ನಡುವೆ ಹಾದುಹೋಗುತ್ತದೆ. ಈ ಗೆರೆಯನ್ನು ಗುರುತಿಸಿದ ಹಳೆಯ ದೂರದರ್ಶಕವನ್ನು ಪಾದರಸದ ಬಟ್ಟಲು ನೋಡಿ ನೆಟ್ಟಗೆ ನಿಲ್ಲಿಸಿದ್ದರು. ಸ್ಥಳೀಯ ಗುರುತ್ವದ ಸೆಳೆತಕ್ಕೆ ಆ ನೆಟ್ಟಗೆಯೇ ಕೂದಲೆಳೆಯಷ್ಟು ಓರೆ. ಉಪಗ್ರಹಗಳು ಭೂಮಿಯ ನಡುವಿನಿಂದ ಅಳೆಯುತ್ತವೆ. ಇಬ್ಬರದೂ ತಪ್ಪಿಲ್ಲ.

“ಹಾಗಾದ್ರೆ ದುಡ್ಡು ವಾಪಸ್ ಕೇಳೋಣ್ವಾ?” ಎನ್ನುವವರಿಗೆ ಒಂದು ಮಾತು. ನಮ್ಮ ಭಾರತೀಯ ಕಾಲ ಇರುವುದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ಬೆಂಗಳೂರು ಇರುವುದು 77.6ರ ಆಸುಪಾಸಿನಲ್ಲಿ. ಅಲ್ಲಿ ಸೂರ್ಯ ನೆತ್ತಿಗೆ ಬರುವಾಗ ಗಡಿಯಾರದಲ್ಲಿ ಸರಾಸರಿ ಹನ್ನೆರಡು ಇಪ್ಪತ್ತು. 1906ರಿಂದ ಆ ಇಪ್ಪತ್ತು ನಿಮಿಷವನ್ನು ಯಾರೂ ವಾಪಸ್ ಕೇಳಿಲ್ಲ.

ದೋಷ ನಿವಾರಣೆ

ನಿಲ್ದಾಣವೇ ಮುಚ್ಚಿದೆ: 2025ರ ಮೇ ಕೊನೆಯಲ್ಲಿ, ಪದೇ ಪದೇ ಕೆಡುತ್ತಿದ್ದ ನಾಲ್ಕೂ ಎಸ್ಕಲೇಟರ್ ಬದಲಿಸಲು, ಒಂದು ವರ್ಷದ ಮಟ್ಟಿಗೆಂದು ಮುಚ್ಚಿದ್ದರು. ಮತ್ತೆ ಹಾಗಾದರೆ ಒಂದನೆಯ ನಿಯಮ ತಾತ್ಕಾಲಿಕವಾಗಿ ರದ್ದು, ಗ್ರೀನಿಚ್‌ನಲ್ಲೇ ಇಳಿಯಿರಿ.

ಟಿಕೆಟಿಗೆ ಬಜೆಟ್ ಮುಗಿದಿದೆ: ನೌಕಾ ವಸ್ತುಸಂಗ್ರಹಾಲಯ ಮತ್ತು ರಾಣಿಯ ಮನೆ ಉಚಿತ. ನೌಕಾ ಸೇನಾನಿ ನೆಲ್ಸನ್ನನ ಕೋಟಿನಲ್ಲಿ ಗುಂಡು ಹೊಕ್ಕ ತೂತನ್ನು ಪುಕ್ಕಟೆ ನೋಡಬಹುದು.

ವಾಪಸ್ ಹೋಗುವಾಗ ರೈಲು ತುಂಬಿದೆ: ಹಡಗಿನ ಪಕ್ಕದ ಗುಮ್ಮಟದ ಪುಟ್ಟ ಕಟ್ಟಡವನ್ನು ಹೊಕ್ಕು 1902ರ ಸುರಂಗಕ್ಕೆ ಇಳಿಯಿರಿ. ದಕ್ಷಿಣದ ಕೂಲಿಗಳು ಎದುರು ದಂಡೆಯ ಹಡಗುಕಟ್ಟೆಗಳಿಗೆ ಕೆಲಸಕ್ಕೆ ಹೋಗಲೆಂದು ತೋಡಿದ್ದು. ಬಿಳಿ ಹೆಂಚಿನ ಗೋಡೆ, 370 ಮೀಟರ್. ಲಿಫ್ಟ್ ಇದೆ, ಕೆಟ್ಟಿರುವುದೂ ಇದೆ. ಸೈಕಲ್ ತುಳಿಯಬಾರದೆಂಬ ಬೋರ್ಡಿನ ಕೆಳಗೆ ತುಳಿದುಕೊಂಡೇ ಬರುವವರಿಗೆ ದಾರಿ ಬಿಡಿ. ಐಲೆಂಡ್ ಗಾರ್ಡನ್ಸ್‌ನಲ್ಲಿ ಹತ್ತಿದರೆ ಎಲ್ಲಾ ಬಾಗಿಲೂ ತೆರೆಯುತ್ತವೆ.

ಖಾತರಿ

ಸ್ಪೇನಿನ ಕಂಪನಿಯೊಂದಕ್ಕೆ 54 ಹೊಸ ರೈಲುಗಳಿಗೆ ಆರ್ಡರ್ ಕೊಟ್ಟಿದ್ದಾರೆ. ಅವುಗಳಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಳಗೊಳಗೇ ನಡೆದು ಹೋಗಬಹುದು. ಪ್ಲಾಟ್‌ಫಾರ್ಮ್ ಮಾತ್ರ ಬೆಳೆದಿಲ್ಲ, ಆದ್ದರಿಂದ ಬಾಗಿಲಿನ ಎಚ್ಚರಿಕೆ ಊರ್ಜಿತದಲ್ಲಿದೆ. ಆದರೆ ಅಡ್ಡಿಯಿಲ್ಲದೆ ಸರಸರ ಹಿಂದಕ್ಕೆ ಬರಬಹುದಾದ್ದರಿಂದ, ಅಪ್ಪ ಏಳುವ ಜಾಗವನ್ನು ಮಡ್‌ಶೂಟ್‌ನಿಂದ ಐಲೆಂಡ್ ಗಾರ್ಡನ್ಸ್‌ಗೆ ಮುಂದೂಡಲಾಗಿದೆ. ಇನ್ನೊಂದು ಸ್ಟೇಷನ್ ಓಡಿಸಿಕೊಳ್ಳಲಿ.