ಹೈಪೋ ಮೇಷ್ಟರು

ಮಧುಗಿರಿಯ ಏಕಶಿಲಾಬೆಟ್ಟದ ಮೇಲೆ ತಮಗೆ ಬೇಕಾದ ಬೆಳಕು ಇನ್ನೂ ಬಿದ್ದಿಲ್ಲವೆಂದು, ಕ್ಯಾಮೆರಾವನ್ನು ತೆರೆಯದೆಯೇ ಪ್ರತಿದಿನ ಸಂಜೆ ಮನೆಗೆ ಹಿಂದಿರುಗುವ ನಿವೃತ್ತ ಉಪಾಧ್ಯಾಯರೊಬ್ಬರು ನಮ್ಮಲ್ಲಿರುವರು. ಫಿಲ್ಮಿನ ಚಿತ್ರವನ್ನು ನೆಲೆಗೊಳಿಸುವ ಹೈಪೋ ದ್ರಾವಣದ ಹೆಸರಿನಿಂದ ಊರು ಅವರನ್ನು ಹೈಪೋ ಮೇಷ್ಟರೆಂದು ಕರೆಯುತ್ತದೆ; ಅವರ ಕಂದುಗಟ್ಟಿದ ಉಗುರುಗಳನ್ನೂ ಅಂಗಿಯಿಂದ ಸದಾ ಹೊರಡುವ ಹುಳಿವಾಸನೆಯನ್ನೂ ಬಲ್ಲವರಿಗೆ ಆ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

ಕೊರಳಲ್ಲಿ ತೂಗುವುದು ಎರಡು ಕಣ್ಣಿನ ಯಾಷಿಕಾ. ಅದನ್ನು ಎದೆಗೊತ್ತಿ, ತಲೆ ಬಾಗಿಸಿ, ಮೇಲಣ ಗಾಜಿನಲ್ಲಿ ನೋಡಬೇಕು. ಅಲ್ಲಿ ಲೋಕವು ಎಡಬಲ ಅದಲುಬದಲಾಗಿ ಕಾಣುವುದು. ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗವು ಬಲಕ್ಕೆ ಚಿಮ್ಮಿದರೆ ಗಾಜಿನೊಳಗಿನ ಮೃಗ ಎಡಕ್ಕೆ ಚಿಮ್ಮುತ್ತದೆ. ಮೇಷ್ಟರೂ ಅದರ ಹಿಂದೆಯೇ ಎಡಕ್ಕೆ ತಿರುಗುತ್ತಾರೆ. ಒಂದು ರೋಲಿಗೆ 12 ಚಿತ್ರ. ಅವುಗಳಲ್ಲಿ ಹನ್ನೊಂದು ಬರಿಯ ಹುಲ್ಲು. ಹನ್ನೆರಡನೆಯದರಲ್ಲಿರುವುದು ಮೃಗದ ಬಾಲವೆಂದು ಅವರೂ, ಜಾಲಿಯ ಕೊಂಬೆಯೆಂದು ನಾನೂ ವಾದಿಸಿ ಒಂದು ಮಧ್ಯಾಹ್ನವನ್ನೇ ಕಳೆದುದುಂಟು.

ಆದರೆ ಮೇಷ್ಟರನ್ನು ನಿಜವಾಗಿ ಕಾಣಬೇಕಾದುದು, ಕಾಣಲಾಗದಿದ್ದರೂ, ಅವರ ಬಚ್ಚಲುಮನೆಯಲ್ಲಿ. ಅಕ್ಕಸಾಲಿಯ ತಕ್ಕಡಿಯಲ್ಲಿ ಲೀಟರಿಗೆ 2 ಗ್ರಾಂ ಮೆಟಾಲ್, 5 ಗ್ರಾಂ ಹೈಡ್ರೋಕ್ವಿನೋನ್ ಎಂದು ತೂಗಿ ಕಲಸಿದ ಡೆವಲಪರ್ ದ್ರಾವಣವನ್ನು, ವೈಶಾಖದ ಧಗೆಯಲ್ಲಿ 20 ಡಿಗ್ರಿಗೆ ಇಳಿಸುವ ಸಲುವಾಗಿ ಸೋಡಾ ಅಂಗಡಿಯ ಮಂಜುಗಡ್ಡೆಯ ನಡುವೆ ಇರಿಸಿ, ಕಿಟಕಿಗೆ ಕರಿಯ ಕಂಬಳಿ ಬಿಗಿದು, ಕಗ್ಗತ್ತಲೆಯಲ್ಲಿ ಫಿಲ್ಮಿನ ಎರಡು ತುದಿಗಳನ್ನೂ ಹಿಡಿದು ಬೋಗುಣಿಯೊಳಗೆ ಉಯ್ಯಾಲೆಯಾಡಿಸುತ್ತಿರುವಾಗಲೇ ಹೊರಗಿನಿಂದ ಧರ್ಮಪತ್ನಿಯವರ ಧ್ವನಿ ಕೇಳಿಬರುವುದು:

“ಏನೂಂದ್ರೆ, ಮದುವೆಗೆ ಹೊತ್ತಾಯ್ತು, ಬಾಗಿಲು ತೆಗೀರಿ.”

“ತೆಗೆದ್ರೆ ಜಿಂಕೆ ಸತ್ತುಹೋಗತ್ತೆ ಕಣೆ! ಹೈಪೋಗೆ ಹಾಕಿಬಿಡ್ತೀನಿ, ತಾಳು.”

“ಹಂಗಾದ್ರೆ ನಾವು ಸ್ನಾನ ಇಲ್ದೇನೇ ಅಕ್ಷತೆ ಹಾಕ್ಬೇಕೇನು?”

ಹೈಪೋವಿನಿಂದ ತೆಗೆದ ಫಿಲ್ಮನ್ನು ಅರ್ಧ ಗಂಟೆ ಹರಿಯುವ ನೀರಿನಲ್ಲಿ ತೊಳೆಯಬೇಕೆಂಬುದು ಶಾಸ್ತ್ರವಿಧಿ. ಹರಿಯುವ ನೀರಾದರೋ ಈ ಸೀಮೆಯಲ್ಲಿ ಜಯಮಂಗಲಿ ನದಿಗೇ ವರ್ಷದ ಬಹುಭಾಗ ದೊರೆಯದ ಭಾಗ್ಯ. ಕೊಳವೆಬಾವಿಯ ಗಡಸು ನೀರಿನಲ್ಲಿ ತೊಳೆದು ಒಣಗಹಾಕಿದರೆ ಅದರ ಸುಣ್ಣದ ಚುಕ್ಕೆಗಳು ನೆಗೆಟಿವ್ ಮೇಲೆ ಕುಳಿತು, ಪ್ರಿಂಟು ಹಾಕಿದಾಗ ಮಟಮಟ ಮಧ್ಯಾಹ್ನದ ಆಕಾಶದಲ್ಲಿ ನಕ್ಷತ್ರಗಳು ಮಿನುಗುವುವು. “ನಿಮ್ಮ ಮೊಬೈಲಿನಲ್ಲಿ ಇದು ಬರುತ್ತದೆಯೇ?” ಎಂದು ಮೇಷ್ಟರು ಕೇಳುವರು. ಬರುವುದಿಲ್ಲವೆಂದು ಒಪ್ಪಲೇಬೇಕು.

ಊಟಿಯಲ್ಲಿ 1967ರಿಂದ ತಯಾರಾಗುತ್ತಿದ್ದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನವರ ‘ಇಂದು’ ಫಿಲ್ಮು ಎಂದೋ ನಿನ್ನೆಯಾಯಿತು. ಸ್ಟುಡಿಯೋದವರು ಡಾರ್ಕ್‌ರೂಮಿನಲ್ಲಿ ಜೆರಾಕ್ಸ್ ಯಂತ್ರ ಕೂರಿಸಿದರು. 2012ರ ಜನವರಿಯಲ್ಲಿ ಅಮೆರಿಕದ ಕೋಡಕ್ ಕಂಪನಿ ದಿವಾಳಿ ಅರ್ಜಿ ಹಾಕಿದ ಸುದ್ದಿಯನ್ನೋದಿದ ಮೇಷ್ಟರು ಪತ್ರಿಕೆಯನ್ನು ಮಡಿಸಿಟ್ಟು, ಸೂತಕದ ಸ್ನಾನವೆಂದು ತಲೆಯ ಮೇಲೆ ನೀರು ಸುರಿದುಕೊಂಡರು. ಆ ಬಚ್ಚಲು ಬಚ್ಚಲಾಗಿ ಬಳಕೆಯಾದುದು ಅಂದೇ ಎಂದು ಅವರ ಶ್ರೀಮತಿಯವರು ಈಗಲೂ ಹೇಳುವುದುಂಟು.

ಸದ್ಯಕ್ಕೆ ಬೆಂಗಳೂರಿನಿಂದ ತರಿಸಿದ ರೋಲೊಂದು ಫ್ರಿಜ್ಜಿನಲ್ಲಿ, ಮಲ್ಲಿಗೆ ದಂಡೆಯ ಪಕ್ಕದಲ್ಲಿ, ಬೆಟ್ಟದ ಬೆಳಕಿಗಾಗಿ ಕಾದಿದೆ. ಮಧುಗಿರಿಗೆ ಬರುವವರು ಮೇಷ್ಟರ ಆತಿಥ್ಯವನ್ನು ಧಾರಾಳವಾಗಿ ಸ್ವೀಕರಿಸಬಹುದು, ಊಟ ಸೊಗಸಾಗಿರುತ್ತದೆ. ಸ್ನಾನವನ್ನು ಮಾತ್ರ ತಮ್ಮ ಊರಿನಲ್ಲಿಯೇ ಮುಗಿಸಿಕೊಂಡು ಬರತಕ್ಕದ್ದು.